ಮನೆಗೆ ಮಾಸಲು ಆಲಿವ್ ಹಸಿರು: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡ್, ಠಾಣೆ, ಡೊಂಬಿವಲಿ ಕಡೆಯ ಕನ್ನಡದ ಮನೆಗಳಿಗೆ ಬಣ್ಣ ಆರಿಸಿಕೊಡುವುದು ನನ್ನ ಕೆಲಸ. ಪುಣೆ, ಗೋವಾದಿಂದಲೂ ಫೋನ್ ಬರುತ್ತವೆ. ಈಗೀಗ ಜಾಸ್ತಿ ಜನ ಕೇಳುವುದು ಆಲಿವ್ ಹಸಿರಿನ ಬಗ್ಗೆ. ಗಿಳಿ ಹಸಿರಲ್ಲ, ಬಾಟಲಿ ಹಸಿರೂ ಅಲ್ಲ, ಸ್ವಲ್ಪ ಬೂದು ಬೆರೆತ ಮಾಸಲು ಆಲಿವ್. ನನಗೂ ತುಂಬ ಇಷ್ಟದ ಬಣ್ಣ. ದಿನವಿಡೀ ನೋಡಿದರೂ ಕಣ್ಣು ದಣಿಯುವುದಿಲ್ಲ. ಆದರೆ ಬೆಳಕು ಬದಲಾದರೆ ಇದೂ ಬದಲಾಗುತ್ತದೆ, ಬೇರೆ ಬಣ್ಣಗಳಿಗಿಂತ ಜಾಸ್ತಿಯೇ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಬೆಳಕಿನ ಮಾತು ಮತ್ತೆ ಮತ್ತೆ ಬರುತ್ತದೆ.

ಮಾಸಲು ಆಲಿವ್ ಅಂದ್ರೆ ಸರಿಯಾಗಿ ಯಾವ ಬಣ್ಣ? ಮೆಹೆಂದಿ ಹಸಿರು ಅಂತಾರಲ್ಲ, ಅದೇನಾ?

ಹತ್ತಿರ ಬರುತ್ತದೆ, ಆದರೆ ಮೆಹೆಂದಿ ಹಸಿರಿನಲ್ಲಿ ಹಳದಿ ಜಾಸ್ತಿ, ಹೊಳಪೂ ಜಾಸ್ತಿ. ಹಳದಿಗೆ ಕಪ್ಪು ಬೆರೆಸುತ್ತ ಹೋದರೆ ಆಲಿವ್ ಬರುತ್ತದೆ. ಅದಕ್ಕೆ ಬಿಳಿ ಮತ್ತು ಸ್ವಲ್ಪ ಬೂದು ಸೇರಿದರೆ ನಾವು ಹೇಳುತ್ತಿರುವ ಮಾಸಲು ಆಲಿವ್. ನೆರಳಲ್ಲಿ ಒಣಗಿಸಿದ ಕರಿಬೇವಿನ ಎಲೆ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅದೇ ಬಣ್ಣ.

ಅಂಗಡಿಯಲ್ಲಿ ಆಲಿವ್ ಕೇಳಿದರೆ ಮೂರು ತರದ್ದು ತೋರಿಸುತ್ತಾರೆ. ಒಂದು ಕಂದು ಕಡೆ ವಾಲಿರುತ್ತದೆ, ಖಾಕಿಗೆ ಹತ್ತಿರ. ಇನ್ನೊಂದು ಬೂದು ಕಡೆ. ಮತ್ತೊಂದು ಅಪ್ಪಟ ಹಸಿರಿನ ಕಡೆ. ಒಂದನ್ನೇ ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂರನ್ನೂ ಬಿಳಿ ಹಾಳೆ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, ತಕ್ಷಣ ಕಾಣುತ್ತದೆ. ಶೇಡಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಹೆಸರು ಬಿಡಿ, ಕೋಡ್ ನಂಬರ್ ಬರೆದಿಟ್ಟುಕೊಳ್ಳಿ.

ನಮ್ಮದು 1 ಬಿಎಚ್‌ಕೆ. ಇಂಥ ಬಣ್ಣ ಹೊಡೆದ್ರೆ ಮನೆ ಕತ್ತಲೆ ಆಗಲ್ವಾ?

ಈ ಭಯ ಸಹಜ. ಗೋಡೆ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಳತೆ ಇದೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಮನೆಗೆ ಹೊಡೆಯುವ ಸಾಮಾನ್ಯ ಬಿಳಿ 80ರ ಮೇಲಿರುತ್ತದೆ. ಮಾಸಲು ಆಲಿವ್‌ಗಳು ಸಾಮಾನ್ಯವಾಗಿ 20ರಿಂದ 40ರ ಒಳಗೆ. ಅಂದರೆ ಬಿಳಿ ಗೋಡೆ ವಾಪಸ್ ಕೊಡುವ ಬೆಳಕಿನಲ್ಲಿ ಅರ್ಧಕ್ಕಿಂತ ಕಮ್ಮಿ. ಚಿಕ್ಕ ಮನೆಗೆ 40ರ ಹತ್ತಿರದ್ದನ್ನು ಆರಿಸಿ. ಕಂಪನಿಯ ವೆಬ್‌ಸೈಟಿನಲ್ಲಿ ಎಷ್ಟೋ ಸಲ ಈ ಅಂಕಿ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ.

ಅಂಕಿಗಿಂತ ಮುಖ್ಯ ಯಾವ ಗೋಡೆ ಅನ್ನೋದು. ಕಿಟಕಿ ಇರುವ ಗೋಡೆಗೆ ಆಲಿವ್ ಬೇಡ. ಅದರ ಮೇಲೆ ನೇರ ಬೆಳಕು ಬೀಳುವುದೇ ಇಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆದು ಆ ಗೋಡೆ ಇನ್ನೂ ಕಪ್ಪಾಗಿ ಕಾಣುತ್ತದೆ. ಕಿಟಕಿಯ ಎದುರಿನ ಗೋಡೆ, ಇಲ್ಲವೇ ಪಕ್ಕದ ಗೋಡೆ ಒಳ್ಳೆಯದು.

ಹಾಲ್‌ನಲ್ಲಿ ಒಂದು ಗೋಡೆ ಸಾಕು. ಮಲಗುವ ಕೋಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಚಿಕ್ಕ ಕೋಣೆಗೆ ಒಂದೇ ಗೋಡೆ ಹಸಿರು ಮಾಡಿದರೆ ಅದು ಮುಂದೆ ಬಂದು ನಿಂತಂತೆ ಕಾಣುತ್ತದೆ. ನಾಲ್ಕೂ ಗೋಡೆಗೆ ತಿಳಿ ಆಲಿವ್ ಹೊಡೆದು, ಸೀಲಿಂಗ್ ಮಾತ್ರ ಕೆನೆ ಬಿಳಿ ಇಟ್ಟರೆ ಮೂಲೆಗಳು ಕಣ್ಣಿಗೆ ಹೊಡೆಯುವುದಿಲ್ಲ, ಕೋಣೆ ಶಾಂತವಾಗಿ ಕಾಣುತ್ತದೆ. ಕಿಟಕಿಯೇ ಇಲ್ಲದ ಪ್ಯಾಸೇಜ್‌ಗೆ ಮಾತ್ರ ಯಾವ ಆಲಿವೂ ಬೇಡ.

ಅಂಗಡಿಯಲ್ಲಿ ಚೆನ್ನಾಗಿತ್ತು. ಮನೆಯಲ್ಲಿ ಯಾಕೆ ಬೇರೆ ಬಣ್ಣ ಕಾಣ್ತಿದೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಣ್ಣ ಬದಲಾಗಿಲ್ಲ, ಬೆಳಕು ಬದಲಾಗಿದೆ. ಆಲಿವ್‌ನಲ್ಲಿ ಹಳದಿ, ಹಸಿರು, ಕಪ್ಪು ಮೂರೂ ಇವೆ. ಹಳದಿ ಬೆಳಕು ಬಿದ್ದರೆ ಅದರ ಹಳದಿ ಎದ್ದು ಕಾಣುತ್ತದೆ, ಗೋಡೆ ಕಂದಾಗುತ್ತದೆ. ನೀಲಿ ಬೆರೆತ ಬಿಳಿ ಬೆಳಕು ಬಿದ್ದರೆ ಹಳದಿ ಸತ್ತು ಗೋಡೆ ಬೂದಾಗುತ್ತದೆ.

ನಮ್ಮ ಬಹಳ ಮನೆಗಳಲ್ಲಿ ಇರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಮ್ಮಿಯಾದಷ್ಟೂ ಬೆಳಕು ಹಳದಿ. ಈ ಬೆಳಕಿನಲ್ಲಿ ಮಾಸಲು ಆಲಿವ್ ರಾತ್ರಿ ಹೊತ್ತು ಕಳೆಗುಂದಿ ಕಾಣುತ್ತದೆ. ಅದರ ಕೆಳಗೆ ಕೂತವರ ಮುಖವೂ ಅಷ್ಟೇ. ಗೋಡೆಗೆ ಖರ್ಚು ಮಾಡುವ ಮೊದಲು ಬಲ್ಬ್ ಬದಲಿಸಿ. ಹಾಲ್ ಮತ್ತು ಬೆಡ್‌ರೂಮಿಗೆ 3000 ಕೆಲ್ವಿನ್, ಓದು ಬರಹ ಇರುವ ಕಡೆ 4000. ಡಬ್ಬಿ ಮೇಲೆ ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಲೆಕ್ಕ ಅದು. 90 ಅಥವಾ ಅದಕ್ಕಿಂತ ಮೇಲಿನದು ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟಾದರೂ ತನ್ನಿ.

ಇನ್ನು ಹಗಲಿನ ಬೆಳಕು. ಪಶ್ಚಿಮದ ಕಿಟಕಿ ಇದ್ದರೆ ಸಂಜೆ ಆಲಿವ್ ಬೆಚ್ಚಗಾಗಿ ಚಿನ್ನದ ಕಡೆ ತಿರುಗುತ್ತದೆ, ನೋಡಲು ತುಂಬ ಚೆಂದ. ಅಲ್ಲಿಗೆ ಬೂದು ಕಡೆಯ ಶೇಡ್ ಸರಿಹೋಗುತ್ತದೆ. ಉತ್ತರದ ಕಿಟಕಿಯ ಬೆಳಕು ತಣ್ಣಗಿರುತ್ತದೆ, ಅಲ್ಲಿಗೆ ಕಂದು ಕಡೆಯದ್ದೇ ಸರಿ. ಮುಂಬೈಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆದರೆ ಅಷ್ಟರಲ್ಲಿ ಮೋಡ ಕವಿದಿರುತ್ತದೆ, ಅದನ್ನು ನಂಬಿ ಶೇಡ್ ಆರಿಸುವಂತಿಲ್ಲ.

ಮುಂಬೈಗೆ ಇನ್ನೊಂದು ಮಾತು ಸೇರಿಸಬೇಕು. ಎದುರಿನ ಕಟ್ಟಡ ತೀರ ಹತ್ತಿರ ಇದ್ದರೆ ನಿಮ್ಮ ಕೋಣೆಗೆ ಬರುವುದು ಆಕಾಶದ ಬೆಳಕಲ್ಲ, ಆ ಗೋಡೆಗೆ ಬಡಿದು ಬಂದ ಬೆಳಕು. ಎದುರು ಗೋಡೆ ಗುಲಾಬಿ ಇದ್ದರೆ ನಿಮ್ಮ ಆಲಿವ್ ಮೇಲೆ ಅದರ ಛಾಯೆ ಬೀಳುತ್ತದೆ. ಮಧ್ಯಾಹ್ನ ಕಿಟಕಿ ಹತ್ತಿರ ಬಿಳಿ ಹಾಳೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಹಾಗಾದ್ರೆ ಸರಿಯಾದ ಶೇಡ್ ಆರಿಸೋದು ಹೇಗೆ?

ಎರಡು ಅಥವಾ ಮೂರು ಶೇಡಿನ ಚಿಕ್ಕ ಸ್ಯಾಂಪಲ್ ತನ್ನಿ. ಗೋಡೆ ಮೇಲೆ ನೇರವಾಗಿ ಬಳಿಯಬೇಡಿ, ಹಳೆ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ದಪ್ಪ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಬಳಿದು, ಸುತ್ತ ಎರಡಿಂಚು ಬಿಳಿ ಅಂಚು ಬಿಡಿ. ಪೂರ್ತಿ ಒಣಗಲಿ, ಹಸಿ ಇದ್ದಾಗಿನ ಬಣ್ಣ ನಿಜವಾದ ಬಣ್ಣ ಅಲ್ಲ. ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ಲೈಟ್ ಹಾಕಿದ ಮೇಲೆ ಮೂರೂ ಹೊತ್ತು ನೋಡಿ. ಹಾಳೆಯನ್ನು ಮೂಲೆಗೂ ಒಯ್ಯಿರಿ, ಸೋಫಾ ಹಿಂದೆಯೂ ಇಡಿ.

ಫೋನಿನ ಪರದೆ ಮೇಲೆ ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ. ಎರಡು ಶೇಡಿನ ನಡುವೆ ಗೊಂದಲ ಆದರೆ ಬೂದು ಜಾಸ್ತಿ ಇರುವುದನ್ನು ತಗೊಳ್ಳಿ. ಕಾರ್ಡಿನ ಚೂರಿನಲ್ಲಿ ಸಪ್ಪೆ ಅನ್ನಿಸಿದ್ದು ಇಡೀ ಗೋಡೆಗೆ ಹರಡಿದಾಗ ಸಾಕಷ್ಟು ಹಸಿರಾಗೇ ಕಾಣುತ್ತದೆ.

ಗಣಪತಿ ಹಬ್ಬದೊಳಗೆ ಮುಗಿಸಬೇಕು. ಜುಲೈನಲ್ಲಿ ಶುರು ಮಾಡಬಹುದಾ?

ದಯವಿಟ್ಟು ಬೇಡ. ಹಬ್ಬಕ್ಕೆ ಮನೆ ಚೆಂದ ಕಾಣಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮುಂಬೈಗೆ ಮಳೆ ಕಾಲಿಡುವುದು ಜೂನ್ ಎರಡನೇ ವಾರದ ಹೊತ್ತಿಗೆ, ಹೊರಡುವುದು ಅಕ್ಟೋಬರ್ ಮೊದಲ ಭಾಗದಲ್ಲಿ. ಈ ನಾಲ್ಕು ತಿಂಗಳು ಹೊರಗೋಡೆ ನೀರು ಕುಡಿದಿರುತ್ತದೆ. ಅದರ ಒಳಮೈಗೆ ಬಣ್ಣ ಹೊಡೆದರೆ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ನೀರಿನ ಜೊತೆ ಸಿಮೆಂಟಿನ ಉಪ್ಪು ಮೇಲೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ಬಿಳಿ ಗೋಡೆಯಲ್ಲಿ ಈ ಪುಡಿ ಅಷ್ಟಾಗಿ ಕಾಣುವುದಿಲ್ಲ, ಆಲಿವ್ ಮೇಲೆ ದೂರದಿಂದಲೇ ಕಾಣುತ್ತದೆ.

ಒಳ್ಳೆಯ ಕಾಲ ನವೆಂಬರ್‌ನಿಂದ ಮಾರ್ಚ್. ದೀಪಾವಳಿಗೆ ಮೊದಲು ಪೇಂಟರ್‌ಗಳು ಸಿಗುವುದೇ ಕಷ್ಟ, ಸಿಕ್ಕರೂ ಅವಸರದ ಕೆಲಸ. ದೀಪಾವಳಿ ಮುಗಿದ ಮೇಲೆ ಅವರಿಗೂ ಪುರುಸೊತ್ತು, ಗೋಡೆಯೂ ಒಣಗಿರುತ್ತದೆ. ಪುಣೆಯವರಿಗೆ ಸ್ವಲ್ಪ ಅನುಕೂಲ ಜಾಸ್ತಿ, ಅಲ್ಲಿ ಮಳೆ ಮುಂಬೈಗಿಂತ ಬಹಳ ಕಮ್ಮಿ, ಚಳಿಗಾಲದ ಗಾಳಿಯೂ ಒಣ. ಗೋವಾದವರು ಮುಂಬೈಗಿಂತಲೂ ಜಾಸ್ತಿ ಕಾಯಬೇಕು.

ಗೋಡೆ ಒಣಗಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ. ಮರುದಿನ ಬಿಚ್ಚಿ ನೋಡಿ. ಹಾಳೆಯ ಒಳಗೆ ನೀರಿನ ಹನಿ ಇದ್ದರೆ, ಗೋಡೆಯ ಆ ಜಾಗ ಕಪ್ಪಗಾಗಿದ್ದರೆ, ಇನ್ನೂ ಕಾಯಬೇಕು. ಹೊಸ ಸಿಮೆಂಟ್ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಬಿಡಬೇಕು.

ಸೋರುವ ಗೋಡೆಯ ಒಳಗಿನಿಂದ ಏನು ಹಚ್ಚಿದರೂ ತಾತ್ಕಾಲಿಕ. ಹೊರಗಿನ ಬಿರುಕು, ಮೇಲಿನ ಮನೆಯ ಬಾತ್‌ರೂಮ್, ಕಿಟಕಿಯ ಚೌಕಟ್ಟಿನ ಸಂದು, ಇವನ್ನು ಮೊದಲು ಸರಿ ಮಾಡಿಸಿ. ಸೊಸೈಟಿಗೆ ಪತ್ರ ಬರೆಯುವುದು ತಲೆನೋವಿನ ಕೆಲಸ ನಿಜ, ಆದರೂ ಬರೆಯಿರಿ.

ಕಪಾಟಿನ ಹಿಂದೆ ಕಪ್ಪು ಚುಕ್ಕೆ ಬರುತ್ತೆ. ಹಸಿರು ಬಣ್ಣದಲ್ಲಿ ಮುಚ್ಚಿಹೋಗುತ್ತಾ?

ಕಣ್ಣಿಗೆ ಮುಚ್ಚಿಹೋಗುತ್ತದೆ, ಅದೇ ತೊಂದರೆ. ಅದು ಬೂಷ್ಟು. ಆಲಿವ್ ಗೋಡೆಯಲ್ಲಿ ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ಬಟ್ಟೆಗೂ ವಾಸನೆ ಹತ್ತಿರುತ್ತದೆ. ಹೊರಗೋಡೆಗೆ ತಾಗಿ ಕಪಾಟು ಇಡಬೇಡಿ, ಮೂರು ನಾಲ್ಕಿಂಚು ಗಾಳಿ ಆಡಲು ಬಿಡಿ. ಬಣ್ಣ ಹೊಡೆಯುವ ಮೊದಲು ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಪೂರ್ತಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡಿ.

ಮ್ಯಾಟ್ ಒಳ್ಳೆಯದಾ, ಹೊಳಪಿನದ್ದು ಒಳ್ಳೆಯದಾ?

ನೋಡಲು ಮ್ಯಾಟ್. ಮಾಸಲು ಬಣ್ಣದ ಸೊಗಸೆಲ್ಲ ಇರುವುದು ಹೊಳಪಿಲ್ಲದ ಮೈಯಲ್ಲಿ. ಹಳೆ ಕಟ್ಟಡಗಳ ಗೋಡೆ ಅಲೆಅಲೆಯಾಗಿರುತ್ತದೆ, ಮ್ಯಾಟ್ ಅದನ್ನೂ ಮರೆಮಾಡುತ್ತದೆ. ಹೊಳಪಿನ ಬಣ್ಣದಲ್ಲಿ, ಗೋಡೆ ನುಣುಪಾಗಲು ಬಳಿಯುವ ಪುಟ್ಟಿಯ ಪ್ರತಿ ಉಬ್ಬುತಗ್ಗು ಟ್ಯೂಬ್‌ಲೈಟಿನಲ್ಲಿ ಎದ್ದು ಕಾಣುತ್ತದೆ.

ಆದರೆ ಮ್ಯಾಟ್‌ಗೆ ಒಂದು ದೋಷ ಇದೆ. ಕುರ್ಚಿ ತಾಗಿದರೆ, ಉಗುರು ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಅಲ್ಲಿ ಮಾತ್ರ ಹೊಳಪು ಬರುತ್ತದೆ. ಬಣ್ಣ ಗಾಢವಾದಷ್ಟೂ ಇದು ಜಾಸ್ತಿ. ಮಕ್ಕಳಿರುವ ಮನೆಯ ಹಾಲ್‌ಗೆ ತೊಳೆಯಲು ಬರುವ ಒಳ್ಳೆ ದರ್ಜೆಯ ಮ್ಯಾಟ್ ಅಥವಾ ಸ್ವಲ್ಪವೇ ಹೊಳಪಿರುವ ಎಮಲ್ಶನ್ (ನೀರು ಬೆರೆಸಿ ಹೊಡೆಯುವ ಪ್ಲಾಸ್ಟಿಕ್ ಪೇಂಟ್) ತಗೊಳ್ಳಿ. ಅಡುಗೆಮನೆಗೆ ಸ್ಯಾಟಿನ್, ಅಂದರೆ ರೇಷ್ಮೆಯಂಥ ನಸು ಹೊಳಪಿನದ್ದು. ಸೀಮೆಸುಣ್ಣದ ಪುಡಿ ಬೆರೆತ ಅಗ್ಗದ ಡಿಸ್ಟೆಂಪರ್‌ನಲ್ಲಿ ಈ ಬಣ್ಣ ಮಾಡಿಸಬೇಡಿ, ಪುಡಿ ಕೈಗೆ ಹತ್ತುತ್ತದೆ, ತೇವಕ್ಕೆ ಕಲೆಯಾಗುತ್ತದೆ.

ಬಿಸಿಲು ನೇರ ಬೀಳುವ ಗೋಡೆಗೆ ಅಂಗಡಿಯವರನ್ನು ಒಂದು ಮಾತು ಕೇಳಿ: ಈ ಶೇಡಿಗೆ ಯಾವ ಹಳದಿ ಹಾಕುತ್ತೀರಿ? ಕಬ್ಬಿಣದ ಆಕ್ಸೈಡಿನ ಹಳದಿ ಬಿಸಿಲಿಗೆ ಜಗ್ಗುವುದಿಲ್ಲ. ಕೆಲವು ಬೇರೆ ಹಳದಿಗಳು ಬೇಗ ಮಾಸುತ್ತವೆ. ಆಗ ಆಲಿವ್‌ನಲ್ಲಿ ಹಳದಿ ಹೋಗಿ ಹಸಿರು, ಕಪ್ಪು ಮಾತ್ರ ಉಳಿಯುತ್ತದೆ.

ಎಷ್ಟು ಲೀಟರ್ ಬೇಕು?

10ಕ್ಕೆ 12 ಅಡಿ ಕೋಣೆ, ಎತ್ತರ 9 ಅಡಿ ಅಂದುಕೊಳ್ಳಿ. ಸುತ್ತಳತೆ 44 ಅಡಿ, ಗೋಡೆಗಳು 396 ಚದರ ಅಡಿ. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಸುಮಾರು 360. ಚೆನ್ನಾಗಿ ಪುಟ್ಟಿ, ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳದ ಕೋಟ್) ಆದ ಗೋಡೆಗೆ ಎರಡು ಕೋಟ್ ಸೇರಿ ಲೀಟರಿಗೆ 120 ಚದರ ಅಡಿ ಹಿಡಿದರೆ 3 ಲೀಟರ್. 4 ಲೀಟರಿನ ಡಬ್ಬಿ ತಗೊಳ್ಳಿ, ಉಳಿದದ್ದು ಮುಂದೆ ಬೇಕಾಗುತ್ತದೆ. ನಿಮ್ಮ ಬಣ್ಣದ ನಿಜವಾದ ಲೆಕ್ಕ ಡಬ್ಬಿ ಮೇಲೆ ಇರುತ್ತದೆ.

ಎಲ್ಲ ಡಬ್ಬಿಯನ್ನೂ ಒಂದೇ ದಿನ, ಒಂದೇ ಅಂಗಡಿಯ ಮೆಷಿನ್‌ನಿಂದ ಮಾಡಿಸಿ. ಎರಡು ಮೂರು ಡಬ್ಬಿ ಇದ್ದರೆ ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಂಡೇ ಶುರು ಮಾಡಲಿ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಬಂದರೂ ಆಲಿವ್‌ನಲ್ಲಿ ಗೋಡೆಯ ನಡುವೆ ಕಾಣುತ್ತದೆ.

ನೆಲ, ಫರ್ನಿಚರ್ ಜೊತೆ ಹೊಂದುತ್ತಾ?

ಸಾಗುವಾನಿ, ಬೀಟೆ, ಬೆತ್ತ, ಹಿತ್ತಾಳೆ, ಇವೆಲ್ಲದರ ಜೊತೆ ಆಲಿವ್ ಅದ್ಭುತ. ಊರಿಂದ ತಂದ ಹಳೆ ಮರದ ಪೆಟ್ಟಿಗೆ, ಅಜ್ಜಿಯ ಹಿತ್ತಾಳೆ ದೀಪ, ಕೊಡಪಾನ ಇದ್ದರೆ ಈ ಗೋಡೆ ಮುಂದೆ ಇಡಿ. ಬಿಳಿ ಗೋಡೆ ಮುಂದೆ ಕಾಣದ ಹೊಳಪು ಕಾಣುತ್ತದೆ. ಇಳಕಲ್ ಸೀರೆಯ ಕುಂಕುಮಗೆಂಪು ಸೆರಗು ಚೌಕಟ್ಟು ಹಾಕಿಸಿ ತೂಗುಹಾಕಿದ ಒಂದು ಮನೆ ಪುಣೆಯಲ್ಲಿದೆ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಸಿರಿನ ಎದುರು ಕೆಂಪು ಅಷ್ಟು ಚೆನ್ನಾಗಿ ಎದ್ದು ಬರುತ್ತದೆ, ಎರಡೂ ಮಾಸಲಾಗಿದ್ದರೆ ಮಾತ್ರ.

ನೆಲದ ವಿಷಯದಲ್ಲಿ ಹುಷಾರು. ಮಾಟುಂಗಾ, ದಾದರ್ ಕಡೆಯ ಹಳೆ ಕಟ್ಟಡಗಳ ಮೊಸಾಯಿಕ್ ನೆಲಕ್ಕೆ ಹೊಂದುತ್ತದೆ. ಆದರೆ ಮೊದಲು ಮೊಸಾಯಿಕ್‌ನ ಚೂರುಗಳನ್ನು ಹತ್ತಿರದಿಂದ ನೋಡಿ, ಅದರಲ್ಲಿರುವ ಹಸಿರಿಗೋ ಕಂದಿಗೋ ಹೊಂದುವ ಶೇಡ್ ಆರಿಸಿ. ಕೋಟಾ ಕಲ್ಲಿಗೆ ತನ್ನದೇ ಹಸಿರು ಬೂದು ಇದೆ. ಗೋಡೆಯೂ ಅದೇ ಆದರೆ ಎರಡೂ ಸೇರಿ ಕೋಣೆ ಮಂಕಾಗುತ್ತದೆ, ನಡುವೆ ಕೆನೆ ಬಣ್ಣದ ಜಮಖಾನ ಹಾಸಬೇಕು. ಹೊಸ ಫ್ಲ್ಯಾಟ್‌ಗಳ ಹೊಳೆಯುವ ಬಿಳಿ ಟೈಲ್ಸ್ ಸ್ವಲ್ಪ ನೀಲಿ ಹೊಡೆಯುತ್ತದೆ, ಅದಕ್ಕೆ ಬೂದು ಕಡೆಯ ಆಲಿವ್ ಸರಿ. ಗೋವಾದ ಹಳೆ ಮನೆಗಳ ಕೆಂಪು ಆಕ್ಸೈಡ್ ನೆಲಕ್ಕಂತೂ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ.

ಸೀಲಿಂಗ್, ಬಾಗಿಲಿನ ಚೌಕಟ್ಟು ಅಚ್ಚ ಬಿಳಿ ಬೇಡ. ಕೆನೆ ಬಿಳಿ ಇರಲಿ.

ಗೋವಾದಲ್ಲಿ ನಮ್ಮದು ಹಳೇ ಜಂಬಿಟ್ಟಿಗೆ ಮನೆ. ಪ್ಲಾಸ್ಟಿಕ್ ಪೇಂಟ್ ನಿಲ್ಲುತ್ತಿಲ್ಲ. ಏನು ಮಾಡೋದು?

ಗೋಡೆಗೆ ಹಳೆ ಸುಣ್ಣದ ಗಾರೆ ಇದ್ದರೆ ಪ್ಲಾಸ್ಟಿಕ್ ಪೇಂಟ್ ನಿಲ್ಲುವುದೂ ಇಲ್ಲ, ಹೊಡೆಯಲೂಬಾರದು. ಜಂಬಿಟ್ಟಿಗೆ ತೂತುತೂತಿನ ಕಲ್ಲು. ಮಳೆಗಾಲದಲ್ಲಿ ನೀರು ಎಳೆದುಕೊಂಡು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ, ಪ್ಲಾಸ್ಟಿಕ್ ಪೇಂಟ್ ಅಡ್ಡ ಬರುತ್ತದೆ, ಹಾಗಾಗಿ ಹಾಳೆಹಾಳೆಯಾಗಿ ಏಳುತ್ತದೆ.

ಸುಣ್ಣದಲ್ಲೇ ಆಲಿವ್ ಮಾಡಬಹುದು, ನನ್ನ ಕಣ್ಣಿಗೆ ಅದು ಎಲ್ಲಕ್ಕಿಂತ ಸುಂದರ. ಚೆನ್ನಾಗಿ ನೆನೆದ ಸುಣ್ಣವನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಅದಕ್ಕೆ ಹಳದಿ ಆಕ್ಸೈಡ್, ಕಪ್ಪು ಆಕ್ಸೈಡ್, ಬೇಕಿದ್ದರೆ ಸ್ವಲ್ಪ ಕ್ರೋಮಿಯಂ ಆಕ್ಸೈಡ್ ಹಸಿರು. ಈ ಆಕ್ಸೈಡ್‌ಗಳು ಸುಣ್ಣದ ಖಾರವನ್ನು ತಡೆದುಕೊಳ್ಳುತ್ತವೆ. ಪ್ರಶ್ಯನ್ ನೀಲಿಯಂಥವು ಸುಣ್ಣದಲ್ಲಿ ಕೆಡುತ್ತವೆ. ಗೋಡೆ ಒದ್ದೆ ಮಾಡಿ, ತೆಳ್ಳಗೆ ಮೂರು ನಾಲ್ಕು ಕೋಟ್ ಹೊಡೆಯಬೇಕು. ಹಸಿ ಇದ್ದಾಗ ತುಂಬ ಗಾಢ ಕಾಣುತ್ತದೆ, ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಹೆದರಬೇಡಿ, ಮೊದಲು ಒಂದು ಮೂಲೆಯಲ್ಲಿ ಮಾಡಿ ಒಣಗಿಸಿ ನೋಡಿ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಕೆಲಸ ಆಗಲಿ. ಮೊದಲೇ ಹೊಡೆದ ಪ್ಲಾಸ್ಟಿಕ್ ಪೇಂಟ್ ಪೂರ್ತಿ ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ.

ಬಾಡಿಗೆ ಮನೆ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಹೊಡೆಸಬಹುದಾ?

ಓನರ್ ಒಪ್ಪಿಗೆ ವಾಟ್ಸಾಪ್‌ನಲ್ಲಾದರೂ ಬರವಣಿಗೆಯಲ್ಲಿ ಇರಲಿ. ಬಿಡುವಾಗ ಬಿಳಿ ಮಾಡಿ ಕೊಡಿ ಅಂದರೆ ಆಲಿವ್ ಮೇಲೆ ನೇರ ಬಿಳಿ ಹೊಡೆದರೆ ಮುಚ್ಚುವುದಿಲ್ಲ. ಮೊದಲು ಪ್ರೈಮರ್, ಆಮೇಲೆ ಎರಡು ಕೋಟ್ ಬೇಕು, ಆ ಖರ್ಚೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಸಲಹೆ, ಬಾಡಿಗೆ ಮನೆಯಲ್ಲಿ ಗೋಡೆ ಬಿಟ್ಟುಬಿಡಿ. ಪುಸ್ತಕದ ಶೆಲ್ಫ್, ಮರದ ಬೆಂಚು, ಹಳೆ ಕಪಾಟಿಗೆ ಈ ಬಣ್ಣ ಹೊಡೆಯಿರಿ. ಮನೆ ಬದಲಿಸಿದಾಗ ನಿಮ್ಮ ಜೊತೆಗೇ ಬರುತ್ತದೆ.

ಪೇಂಟರ್‌ಗೆ ಏನು ಹೇಳಬೇಕು?

ಮೂರು ಮಾತು ಸಾಕು. ಡಬ್ಬಿ ಮೇಲೆ ಹೇಳಿದ್ದಕ್ಕಿಂತ ಜಾಸ್ತಿ ನೀರು ಸೇರಿಸಬೇಡಿ. ಮೊದಲ ಕೋಟ್ ಪೂರ್ತಿ ಒಣಗದೆ ಎರಡನೆಯದು ಬೇಡ. ಒಂದು ಗೋಡೆ ಶುರು ಮಾಡಿದರೆ ಮುಗಿಸಿಯೇ ಊಟಕ್ಕೆ ಏಳಿ, ಅರ್ಧಕ್ಕೆ ಬಿಟ್ಟರೆ ಆ ಜೋಡಣೆಯ ಪಟ್ಟಿ ಆಲಿವ್‌ನಲ್ಲಿ ಕಾಣುತ್ತದೆ. ಪುಟ್ಟಿ ಉಜ್ಜಿದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು, ಉಬ್ಬುತಗ್ಗು ಉಳಿದಿದೆಯಾ ಅಂತ ಅವರ ಜೊತೆ ನೀವೂ ನೋಡಿ. ಚಹಾ ಕೊಟ್ಟು ಗೌರವದಿಂದ ಮಾತಾಡಿದರೆ ಅವರೂ ಮನಸ್ಸಿಟ್ಟು ಮಾಡುತ್ತಾರೆ.

ಬಾಲ್ಕನಿಯ ಹೊರಮೈ ಮುಟ್ಟುವ ಮೊದಲು ಸೊಸೈಟಿ ನಿಯಮ ನೋಡಿ.

ಹಸಿರು ಪೇಂಟಿನಲ್ಲಿ ವಿಷ ಇರುತ್ತಂತೆ, ನಿಜನಾ?

ಹಿಂದೆ ಇತ್ತು. 1775ರಲ್ಲಿ ಷೀಲೆ ಅನ್ನುವ ವಿಜ್ಞಾನಿ ಮಾಡಿದ ಹಸಿರಿನಲ್ಲಿ ಆರ್ಸೆನಿಕ್ ಇತ್ತು. ಯುರೋಪಿನ ಮನೆಗಳ ಗೋಡೆಯ ಕಾಗದಕ್ಕೆ ಅದನ್ನೇ ಬಳಸುತ್ತಿದ್ದರು. ಇಂದಿನ ಬಣ್ಣಗಳಲ್ಲಿ ಅದು ಇಲ್ಲ. ನಾವು ಗಮನ ಕೊಡಬೇಕಾದದ್ದು ಸೀಸಕ್ಕೆ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟ್ ಬಾಗಿಲು, ಕಿಟಕಿ, ಗ್ರಿಲ್ ಮೇಲೆ ಇರಬಹುದು, ಹಳದಿ ಮತ್ತು ಹಸಿರಿನಲ್ಲಿ ವಿಶೇಷವಾಗಿ. ಅದನ್ನು ಒಣಗಿದ್ದಾಗ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಲಿ, ಪುಡಿ ಒದ್ದೆ ಬಟ್ಟೆಯಲ್ಲಿ ಒರೆಸಲಿ. ಬಸುರಿಯರು, ಚಿಕ್ಕ ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿ ಇರದಿದ್ದರೆ ಒಳ್ಳೆಯದು.

ಅತ್ತೆಯವರು ದೇವರ ಕೋಣೆಗೆ ಈ ಬಣ್ಣ ಬೇಡ ಅಂತಾರೆ.

ಅವರ ಮಾತು ಕೇಳಿ. ದೇವರ ಮೂಲೆಗೆ ಅವರಿಗೆ ಬೇಕಾದ ಕೆನೆ ಅಥವಾ ತಿಳಿ ಹಳದಿ ಇರಲಿ, ಪಕ್ಕದ ಆಲಿವ್‌ಗೆ ಎರಡೂ ಚೆನ್ನಾಗಿ ಹೊಂದುತ್ತವೆ. ದೀಪದ ಹೊಗೆ ತಾಗುವ ಗೋಡೆಗೆ ಒರೆಸಲು ಬರುವ ಬಣ್ಣವೇ ಬೇಕು.

ಉಳಿದ ಬಣ್ಣ ಇಟ್ಟುಕೊಂಡರೆ ಕೆಡುತ್ತಾ?

ದೊಡ್ಡ ಡಬ್ಬಿಯ ತಳದಲ್ಲಿ ಬಿಟ್ಟರೆ ಕೆಡುತ್ತದೆ. ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಬಾಯಿತನಕ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಇಡಿ. ನೀರು ಬೆರೆಸಿದ ಬಣ್ಣ ಎತ್ತಿಡಬೇಡಿ. ಮುಚ್ಚಳದ ಮೇಲೆ ಶೇಡ್ ಕೋಡ್, ಕಂಪನಿ, ದರ್ಜೆ, ಕೋಣೆ, ತಿಂಗಳು ಬರೆಯಿರಿ. ಮುಂದೆ ಗೀರು ಬಿದ್ದಾಗ ಬ್ರಶ್‌ನಿಂದ ಚುಕ್ಕೆ ಇಡಬೇಡಿ, ಅದು ಬೇರೆಯಾಗಿಯೇ ಕಾಣುತ್ತದೆ. ಚಿಕ್ಕ ರೋಲರ್‌ನಲ್ಲಿ ತೆಳ್ಳಗೆ, ಅಂಚಿನ ಕಡೆ ಬಣ್ಣ ಇನ್ನೂ ತೆಳುವಾಗುತ್ತ ಹೋಗುವಂತೆ ಹೊಡೆಯಿರಿ. ಗೀರು ದೊಡ್ಡದಿದ್ದರೆ ಮೂಲೆಯಿಂದ ಮೂಲೆಗೆ ಆ ಗೋಡೆಗೆ ಪೂರ್ತಿ ಒಂದು ಕೋಟ್ ಹೊಡೆಸಿಬಿಡಿ.